ಹಿನ್ನೀರಿಗೆ ಬೋಟ್ ಎಳ್ಕೊಂಡು ಹೋಗೋರು ಇದನ್ನ ನೋಡ್ಕೊಳ್ಳಿ

ಸಾಗರದ ಕಡೆ ಶರಾವತಿ ಹಿನ್ನೀರಿಗೆ ಬೋಟ್ ಎಳ್ಕೊಂಡು ಹೊರಡೋ ಮುಂಚೆ ನಿಮ್ಮ ಗಾಡಿ ಎಷ್ಟು ಕೆಜಿ ಎಳೀಬಹುದು ಅಂತ ಮ್ಯಾನುಯಲ್ ನೋಡಿ, ಬರೀ ಬೋಟ್ ತೂಕ ಅಲ್ಲ, ಇಂಜಿನ್ನು, ಪೆಟ್ರೋಲು, ಟ್ರೈಲರ್ ಎಲ್ಲಾ ಸೇರಿಸಿ ಲೆಕ್ಕ ಹಾಕಿ. ಅದ್ರಲ್ಲಿ ಸುಮಾರು 10 ಪರ್ಸೆಂಟ್ ಭಾರ ಹಿಚ್ (ಗಾಡಿಗೆ ಟ್ರೈಲರ್ ಸಿಕ್ಕಿಸೋ ಕೊಂಡಿ) ಮೇಲೆ ಕೂರ್ಬೇಕು, ಹಿಂದೆ ಭಾರ ಜಾಸ್ತಿ ಆದ್ರೆ ಟ್ರೈಲರ್ ಆಕಡೆ ಈಕಡೆ ಓಲಾಡುತ್ತೆ, ಆಗ ಗಾಬರಿಯಾಗಿ ಗಾಡಿ ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರ್ ಬಿಡಿ ಸಾಕು. ಸೇಫ್ಟಿ ಚೈನ್ ಎರಡೂ ಹಿಚ್ ಕೆಳಗೆ ಕತ್ತರಿ ಥರ ಹಾಕಿ. ಇಳಿಜಾರಲ್ಲಿ ಲೋ ಗೇರ್.

ನಾನು ಆನಂದಪುರದಲ್ಲಿ ಟೀಗೆ ನಿಲ್ಸಿದಾಗೆಲ್ಲ ಟ್ರೈಲರ್ ಚಕ್ರದ ಹಬ್ (ಚಕ್ರದ ನಡುಭಾಗ, ಬೇರಿಂಗ್ ಇರೋ ಜಾಗ) ಹತ್ರ ಕೈ ಹಿಡಿದು ನೋಡ್ತೀನಿ, ಒಂದು ಕಡೆ ಮಾತ್ರ ಸುಡ್ತಿದ್ರೆ ಬೇರಿಂಗ್ ಗ್ರೀಸ್ ಒಣಗಿದೆ ಅಂತಲೇ ಡೌಟು. ದಡ ಮುಟ್ಟಿದ ತಕ್ಷಣ ಟ್ರೈಲರ್ ನೀರಿಗೂ ಇಳಿಸಬೇಡಿ, ಬಿಸಿ ಹಬ್ ತಣ್ಣಗಾಗುವಾಗ ನೀರು ಒಳಗೆ ಎಳ್ಕೊಳ್ಳುತ್ತೆ, ಅರ್ಧ ಗಂಟೆ ಆರಲಿ ಬಿಡಿ.