ನನಗೆ ನಾನೇ ಬಿಲ್ ಹಾಕಿಕೊಂಡು 18 ಕಿಲೋ ಇಳಿಸಿದೆ

ಇದನ್ನು ಬರೆಯುವುದಕ್ಕೆ ಕಾರಣ ನಮ್ಮ ಹೋಟೆಲಿನ ಅಡುಗೆ ಭಟ್ರು. "ಹೋಟ್ಲಂಗ್ ಇದ್ಕಂಡ್ ಹೊಟ್ಟಿ ಇಳ್ಸುಕ್ ಆತ್ತಾ ಮಾರ್ರೆ?" ಎಂದು ನಕ್ಕವರು ಅವರು. ಧಣಿಗಳೂ ನಕ್ಕರು. ಊರಲ್ಲಿ ಭಾವ ಇನ್ನೂ ಜೋರಾಗಿ ನಕ್ಕ. ಈಗ ಯಾರೂ ನಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಕುಂದಾಪುರ ಕಡೆಯವನು. ಪುಣೆಯ ಸಾತಾರಾ ರೋಡ್ ಕಡೆ ಒಂದು ಉಡುಪಿ ಹೋಟೆಲಲ್ಲಿ ಹದಿನೇಳು ವರ್ಷದಿಂದ ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದೇನೆ, ಸ್ಟಾಕ್ ಬರೆಯುವುದೂ ನಾನೇ. ಬರುವಾಗ 62 ಕಿಲೋ ಇದ್ದೆ. 2024ರ ಜನವರಿಯಲ್ಲಿ ಒಂದು ದಿನ ಈರುಳ್ಳಿ ಚೀಲ ತೂಗುವ ಕಾಟಾದ ಮೇಲೆ ಸುಮ್ನೆ ತಮಾಷೆಗೆ ಹತ್ತಿದೆ, 96 ತೋರಿಸಿತು. ಎರಡು ಚೀಲ ಈರುಳ್ಳಿಗೆ ನಾಲ್ಕೇ ಕಿಲೋ ಕಡಿಮೆ. ಕ್ಲೀನರ್ ಹುಡುಗ ಅದನ್ನು ಇಡೀ ಕಿಚನ್ನಿಗೆ ಸಾರಿಬಿಟ್ಟ.

ಅದಕ್ಕೂ ಮೊದಲು ನಾನು ಏನೂ ಮಾಡಿರಲಿಲ್ಲ ಅಂತಲ್ಲ. ಮಾಡಿ ಮಾಡಿ ದುಡ್ಡು ಕಳೆದುಕೊಂಡವನು. ಒಂದು ಜಿಮ್‌ಗೆ ವರ್ಷದ ಫೀ ಅಂತ ಒಟ್ಟಿಗೆ 12,000 ಕಟ್ಟಿದೆ, ಹೋದದ್ದು 19 ದಿನ. ದಿನಕ್ಕೆ 600 ರೂಪಾಯಿ ಮೇಲೆ ಬಿತ್ತು, ಅಷ್ಟರಲ್ಲಿ ಇಬ್ಬರು ಹೊಟ್ಟೆ ತುಂಬ ಥಾಲಿ ಊಟ ಮಾಡಬಹುದಿತ್ತು. ಆಮೇಲೆ ಹಾಲಿಗೆ ಕಲಸಿ ಕುಡಿಯುವ ಪುಡಿ. ಪರಿಚಯದವರೇ ತಂದು ಕೊಟ್ಟರು, ತಿಂಗಳಿಗೆ ಐದೂವರೆ ಸಾವಿರದ ಹಾಗೆ ಮೂರು ತಿಂಗಳು. ಐದು ಕಿಲೋ ಇಳಿಯಿತು, ಸುಳ್ಳು ಹೇಳುವುದಿಲ್ಲ. ಪುಡಿ ನಿಲ್ಲಿಸಿದ ಮೇಲೆ ಏಳು ಕಿಲೋ ಏರಿತು. ನಡುಗುವ ಬೆಲ್ಟ್ ಒಂದು, 2,200. ಎಣ್ಣೆ ಇಲ್ಲದೆ ಕರಿಯುವ ಏರ್ ಫ್ರೈಯರ್ ಒಂದು, 4,500. ಅದರಲ್ಲಿ ಉದ್ದಿನ ವಡೆ ಮಾಡಲು ಹೋದೆ, ಹಿಟ್ಟು ಜಾಲರಿಯ ಸಂದಿಯಲ್ಲಿ ಇಳಿದು ಒಣಗಿ ಕೂತಿತು. ಈಗ ಅದರಲ್ಲಿ ಹೆಂಡತಿ ಹಪ್ಪಳ ಸುಡುತ್ತಾಳೆ. ಒಟ್ಟು 35,000 ಹೋಗಿರಬೇಕು. ಬೆಳಗ್ಗೆ ಬಿಸಿನೀರಿಗೆ ಜೇನು, ನಿಂಬೆ ಕೂಡ ಮಾಡಿದ್ದೆ. ಜೇನೂ ಸಕ್ಕರೆಯೇ ಅಲ್ವಾ, ಅದು ಹೊಳೆಯಲು ನನಗೆ ಒಂದು ವರ್ಷ ಬೇಕಾಯಿತು.

ನಡಿಗೆಯ ಕತೆ ಬೇರೆ. ತಳಜಾಯಿ ಗುಡ್ಡ ನಮ್ಮ ರೂಮಿನಿಂದ ಹತ್ತಿರ, ದುಡ್ಡಿಲ್ಲ, ಕಾಸಿಲ್ಲ. ಪಾರ್ವತಿ ಗುಡ್ಡದ 103 ಮೆಟ್ಟಿಲೂ ಹತ್ತಿದೆ. ಆದರೆ ನಾವು ನಾಲ್ಕು ಜನ ಒಟ್ಟಿಗೆ ಹೋಗುತ್ತಿದ್ದೆವು, ಇಳಿದ ಮೇಲೆ ಮಿಸಳ್ ಪಾವ್. ಮೂರು ತಿಂಗಳಲ್ಲಿ ಒಂದು ಕಿಲೋ ಏರಿದೆ! ಒಂದು ಗಂಟೆ ಗುಡ್ಡದಲ್ಲಿ ನಡೆದಾಡಿದರೆ ನನ್ನಂಥವನಿಗೆ 300-400 ಕ್ಯಾಲೊರಿ ಹೋಗಬಹುದು, ಒಂದು ಪ್ಲೇಟ್ ಮಿಸಳ್‌ಗೆ ಎರಡು ಪಾವ್, ಮೇಲೆ ತೇಲುವ ತರ್ರಿ (ಖಾರದ ಎಣ್ಣೆ), ಫರಸಾಣ್ (ಖಾರದ ಮಿಕ್ಸ್ಚರ್), ಅದು 500 ದಾಟುತ್ತದೆ. ಆ ಲೆಕ್ಕ ಗೊತ್ತಿದ್ದೂ ತಿನ್ನುತ್ತಿದ್ದೆ, ಏಕೆಂದರೆ ನಡೆದಿದ್ದೇನೆ ಎಂಬ ಗರ್ವ.

ಸರಿ, ಬಿಲ್ ವಿಷಯಕ್ಕೆ ಬರುತ್ತೇನೆ. ಹೋಟೆಲಲ್ಲಿ ಒಂದು ಕಿಲೋ ಗೋಡಂಬಿ ಎಲ್ಲಿ ಹೋಯಿತು ಎಂದು ಕೇಳಿದರೆ ನನಗೆ ಗೊತ್ತು. ಆದರೆ ನನ್ನ ಬಾಯಿಗೆ ದಿನಕ್ಕೆ ಏನು ಹೋಯಿತು ಎಂದರೆ ಉತ್ತರ ಇಲ್ಲ. ಎರಡು ಹೊತ್ತು ಊಟ ಅಷ್ಟೇ ಎನ್ನುತ್ತಿದ್ದೆ, ಅದನ್ನು ನಾನೇ ನಂಬಿದ್ದೆ. ಕಾಟಾ ಹತ್ತಿದ ಮರುದಿನ ಒಂದು ಖಾಲಿ ಬಿಲ್ ಪುಸ್ತಕ ತೆಗೆದುಕೊಂಡು, ನನಗೆ ನಾನೇ ಗಿರಾಕಿ ಎಂದುಕೊಂಡು, ಸ್ಟಾಫ್ ಊಟ ಬಿಟ್ಟು ಬಾಯಿಗೆ ಹೋದದ್ದಕ್ಕೆಲ್ಲ ಹೋಟೆಲ್ ರೇಟಿನಲ್ಲಿ ಬಿಲ್ ಬರೆದೆ. ರುಚಿ ನೋಡಿದ ಒಂದು ಚಮಚ ಶಿರಾಕ್ಕೂ ಕಾಲು ಪ್ಲೇಟ್ ಬಿಲ್. ಕ್ಯಾಲೊರಿ ಬರೆಯಲಿಲ್ಲ, ಅದು ನಮ್ಮ ಲೈನಿನವರಿಗೆ ತಲೆಗೆ ಹತ್ತುವುದಿಲ್ಲ, ರೂಪಾಯಿ ಹತ್ತುತ್ತದೆ.

ತಿಂಗಳ ಕೊನೆಗೆ ಕೂಡಿಸಿದರೆ 8,700 ಚಿಲ್ಲರೆ. ನನ್ನ ಸಂಬಳದ ಮೂರನೇ ಒಂದು ಭಾಗದ ಹತ್ತಿರ! ಬೆಳಗ್ಗೆ ಆರಕ್ಕೆ ಸಾಂಬಾರ್ ನೋಡಲು ಎರಡು ಇಡ್ಲಿ, ಹನ್ನೊಂದಕ್ಕೆ ವಡೆ, ನಾಲ್ಕಕ್ಕೆ ಬಿಸಿ ಕಾಂದಾ ಭಜಿ (ಈರುಳ್ಳಿ ಬಜ್ಜಿ), ನಡುವೆ ನಡುವೆ ಪೋಹಾ, ಮತ್ತೆ ಅರ್ಧ ಚಹಾ ಹನ್ನೊಂದು ಸಲ. ಹನ್ನೊಂದು! ಧಣಿಗಳಿಗೆ ಆ ಚೀಟಿ ತೋರಿಸಲಿಲ್ಲ, ಅಷ್ಟು ಬುದ್ಧಿ ಇದೆ.

ಚಹಾದ ಸಕ್ಕರೆ ಅಳೆದೆ. ನಮ್ಮ ಅರ್ಧ ಗ್ಲಾಸಿಗೆ ಎಂಟು ಗ್ರಾಂ ಹತ್ತಿರ ಬೀಳುತ್ತದೆ. ಹನ್ನೊಂದಕ್ಕೆ 88 ಗ್ರಾಂ, ಅಂದರೆ 350 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆ ಪ್ರಕಾರ ಇಡೀ ದಿನಕ್ಕೆ 25 ಗ್ರಾಂ ಒಳಗೆ ಇರಬೇಕು. ನಾನು ಬೆಳಗ್ಗೆ ಒಂಬತ್ತಕ್ಕೇ ಅದನ್ನು ದಾಟುತ್ತಿದ್ದೆ. ಈಗ ಮೂರು ಅರ್ಧ ಚಹಾ, ಸಕ್ಕರೆ ಇಲ್ಲದ್ದು ತರಿಸಿ ಮೇಲಿನಿಂದ ಅರ್ಧ ಚಮಚ. ಮೊದಲ ವಾರ ತಲೆನೋವು ಬಂತು. ಸಿಹಿ ಮಾತ್ರೆಯನ್ನೂ ಹಾಕಿ ನೋಡಿದೆ, ನಾಲಿಗೆಗೆ ತಗಡು ನೆಕ್ಕಿದ ಹಾಗಾಯಿತು, ಬಿಟ್ಟೆ.

ಎಣ್ಣೆಯ ಮೇಲೆ ಒಂದು ಪ್ರಯೋಗ ಮಾಡಿದೆ, ಅದು ತೂಕಕ್ಕಿಂತ ಕುತೂಹಲಕ್ಕೆ. ಬಾಣಲೆಗೆ ಹಾಕುವ ಮುಂಚೆ ಎಣ್ಣೆ ತೂಗಿ, 50 ಉದ್ದಿನ ವಡೆ ಕರಿದು, ತಣಿಸಿ ಮತ್ತೆ ತೂಗಿದೆ. 400 ಗ್ರಾಂ ಚಿಲ್ಲರೆ ಕಡಿಮೆ. ಅಂದರೆ ಒಂದು ವಡೆ ಎಂಟು ಗ್ರಾಂ ಕುಡಿದಿದೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ, ವಡೆಯ ಎಣ್ಣೆಗೇ 70 ದಾಟಿತು, ಉದ್ದಿನದ್ದು ಬೇರೆ. ಇನ್ನೊಂದು ದಿನ ಹಿಟ್ಟಿಗೆ ಚಿಟಿಕೆ ಸೋಡಾ ಹಾಕಿಸಿ ಅದನ್ನೇ ಮಾಡಿದರೆ ಮೂರನೇ ಒಂದರಷ್ಟು ಜಾಸ್ತಿ ಕುಡಿದಿತ್ತು. ಎಣ್ಣೆ ಸರಿಯಾಗಿ ಕಾಯದಿದ್ದಾಗಲೂ ಅದೇ ಗತಿ. ಇದನ್ನು ಕೇಳಿದ್ದೇ ಧಣಿಗಳಿಗೆ ನನ್ನ ಹೊಟ್ಟೆಯ ಮೇಲೆ ಏಕ್‌ದಂ ಆಸಕ್ತಿ ಬಂತು. ತಿಂಗಳಿಗೆ ಒಂದು 15 ಕಿಲೋ ಡಬ್ಬ ಉಳಿಯಿತು ಎಂದು ಆಮೇಲೆ ಅವರೇ ಹೇಳಿದರು. ಭಟ್ರಿಗೆ ಮಾತ್ರ ನನ್ನ ಮೇಲೆ ಸಿಟ್ಟು.

ಜೋಳದ ರೊಟ್ಟಿಯಲ್ಲಿ ನಾನು ಮೋಸ ಹೋದೆ. ರೊಟ್ಟಿ ತಿಂದರೆ ತೆಳ್ಳಗಾಗುತ್ತಾರೆ ಎಂದು ಎಲ್ಲರೂ ಹೇಳುತ್ತಾರಲ್ಲ, ಅನ್ನ ಪೂರ್ತಿ ಬಿಟ್ಟು ದಿನಕ್ಕೆ ನಾಲ್ಕು ರೊಟ್ಟಿ, ಠೇಚಾ (ಮೆಣಸಿನಕಾಯಿ ಚಟ್ನಿ), ಬೆಣ್ಣೆ. ಒಂದು ತಿಂಗಳು ಕಾಟಾ ಅಲ್ಲಾಡಲೇ ಇಲ್ಲ. ನಮ್ಮಲ್ಲಿ ರೊಟ್ಟಿ ಬಡಿಯುವ ಅಕ್ಕ ಇಂಡಿ ಕಡೆಯವರು. ಅವರೇ ಹೇಳಿದರು, "ಅಣ್ಣಾರ, ರೊಟ್ಟಿ ತಿಂದ್ರ ತೆಳ್ಳಗ ಆಗೂದಾಗಿದ್ರ ನಮ್ಮೂರಾಗ ಒಬ್ಬರೂ ದಪ್ಪ ಇರ್ತಿರಲಿಲ್ರಿ." ಆಮೇಲೆ ಹಿಟ್ಟು ತೂಗಿದೆ. ನಮ್ಮ ಹೋಟೆಲಿನ ಒಂದು ರೊಟ್ಟಿಗೆ 90 ಗ್ರಾಂ ಹಿಟ್ಟು, ಅಂದರೆ 300 ಕ್ಯಾಲೊರಿ. ನಾಲ್ಕಕ್ಕೆ 1,200, ಬೆಣ್ಣೆ ಬೇರೆ. ರೊಟ್ಟಿಯ ಗುಣ ಏನೆಂದರೆ ಎಣ್ಣೆ ಬೇಡ, ಅಗಿಯಲು ಹೊತ್ತು ಹಿಡಿಯುತ್ತದೆ, ಒಂದೂವರೆಗೆ ಸಾಕು ಅನಿಸಬಹುದು. ಅನ್ನ ಪಾಪಿ, ರೊಟ್ಟಿ ದೇವರು ಅನ್ನುವುದೆಲ್ಲ ಸುಳ್ಳು. ಕುಚ್ಚಲಕ್ಕಿ ಗಂಜಿಯನ್ನು ನಾನು ಈಗಲೂ ಬಿಟ್ಟಿಲ್ಲ, ಲೋಟ ಅಳೆದು ತಿನ್ನುತ್ತೇನೆ.

ಕೊನೆಗೆ ನಿಂತ ಪದ್ಧತಿ ಇದು. ಮಧ್ಯಾಹ್ನ ಮೊದಲು ಒಂದು ದೊಡ್ಡ ಬಟ್ಟಲು ಮೊಳಕೆ ಮಟ್ಕಿ (ಮಡಿಕೆ ಕಾಳು) ಉಸಳ್, ತರ್ರಿ ಇಲ್ಲದೆ. ಜೊತೆಗೆ ಸೌತೆಕಾಯಿ, ಮೂಲಂಗಿ, ಏನು ಸಿಕ್ಕರೆ ಅದು. ಮಾರ್ಕೆಟ್ ಯಾರ್ಡಿಗೆ ಹೇಗೂ ನಾನೇ ಹೋಗುತ್ತೇನೆ, ಅಲ್ಲಿಯ ರೇಟಿಗೆ ಒಬ್ಬನ ತರಕಾರಿ ದಿನಕ್ಕೆ 15 ರೂಪಾಯಿ ದಾಟುವುದಿಲ್ಲ. ಅದು ಹೊಟ್ಟೆಗೆ ಬಿದ್ದ ಮೇಲೆ ಒಂದೂವರೆ ರೊಟ್ಟಿ ಅಥವಾ ಅಳತೆಯ ಅನ್ನ. ದಿನಕ್ಕೆ ಎರಡು ಬೇಯಿಸಿದ ಮೊಟ್ಟೆ, ಅದು ರೂಮಲ್ಲಿ, ಹೋಟೆಲ್ ಶುದ್ಧ ಸಸ್ಯಾಹಾರಿ. ರಾತ್ರಿ ಊಟದ ಹೊತ್ತು ಬದಲಿಸಿದ್ದು ಎಲ್ಲಕ್ಕಿಂತ ಕಷ್ಟದ ಕೆಲಸ. ನಮ್ಮ ಸ್ಟಾಫ್ ಊಟ ಹನ್ನೆರಡೂವರೆಗೆ, ಶಟರ್ ಎಳೆದ ಮೇಲೆ, ಹಸಿದು ಬೆಂದು ರಾಶಿ ಅನ್ನ. ಗಿರಾಕಿಯ ಗದ್ದಲ ಶುರುವಾಗುವ ಮುಂಚೆ ಏಳೂವರೆಗೆ ನಾನು ಉಣ್ಣತೊಡಗಿದೆ. ಆಮೇಲೆ ಮಜ್ಜಿಗೆ ಅಷ್ಟೇ. ಹನ್ನೆರಡೂವರೆಗೆ ಎಲ್ಲರೂ ಉಣ್ಣುವಾಗ ಬರೀ ಮಜ್ಜಿಗೆ ಲೋಟ ಹಿಡಿದು ಕೂರುವುದು ಎಷ್ಟು ನಾಚಿಕೆಯೆಂದು ಅನುಭವಿಸಿದವರಿಗೇ ಗೊತ್ತು. ಇದಕ್ಕೂ ಮುಂಚೆ ಹದಿನಾರು ಗಂಟೆ ಏನೂ ತಿನ್ನದೆ ಇರುವುದನ್ನೂ ಮಾಡಿದ್ದೆ, ಬೆಳಗಿನ ಐದರ ಡ್ಯೂಟಿಗೆ ಅದು ಆಗಲಿಲ್ಲ, ಆಸಿಡಿಟಿ ಹಿಡಿದು ಡಾಕ್ಟರಿಗೆ 700 ಕೊಟ್ಟೆ.

ನಾಲ್ಕು ಗಂಟೆಯ ಭಜಿಯ ಆಸೆಗೆ ನಾನು ಒಂದು ಚಟ್ನಿಪುಡಿ ಕಂಡುಹಿಡಿದಿದ್ದೇನೆ. ಕುರುಕಲು ಮಂಡಕ್ಕಿಗೆ ಕಲಸಿದರೆ ಭಜಿ ಮರೆತುಹೋಗುತ್ತದೆ. ಅದರಲ್ಲಿ ಏನಿದೆ ಎಂದು ಹೇಳುವುದಿಲ್ಲ. ಹುರಿಗಡಲೆ ಇದೆ ಎನ್ನುವಷ್ಟು ಹೇಳಬಲ್ಲೆ. ಧಣಿಗಳು ಅದನ್ನು ಮೆನುಗೆ ಹಾಕುವ ಮಾತಾಡುತ್ತಿದ್ದಾರೆ.

ಮೊದಲ ಎರಡು ತಿಂಗಳಲ್ಲಿ ಐದು ಕಿಲೋ. ನಂತರ ತಿಂಗಳಿಗೆ ಒಂದೂವರೆ. 84ಕ್ಕೆ ಬಂದು ಎರಡು ತಿಂಗಳು ಕಲ್ಲಿನ ಹಾಗೆ ನಿಂತಿತು, ಆಗ ಬಿಟ್ಟುಬಿಡುವವನಿದ್ದೆ. 2025ರ ಮಾರ್ಚ್‌ನಲ್ಲಿ 78. ಹದಿನಾಲ್ಕು ತಿಂಗಳು. ಒಂದು ಕಿಲೋ ಕೊಬ್ಬಿಗೆ 7,700 ಕ್ಯಾಲೊರಿ ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ನಾನು ಬಿಟ್ಟ ಚಹಾ, ವಡೆ, ಅನ್ನ ಕೂಡಿಸಿದರೆ 44 ಕಿಲೋ ಇಳಿಯಬೇಕಿತ್ತು! ಇಳಿಯಲಿಲ್ಲ. ಮೈ ಕರಗಿದ ಹಾಗೆ ಅದಕ್ಕೆ ಬೇಕಾದದ್ದೂ ಕಡಿಮೆಯಾಗುತ್ತದೆ, ಹಸಿವು ಬೇರೆ ಕಡೆ ಕೈ ಹಾಕಿಸುತ್ತದೆ, ಮಧ್ಯೆ ಊರಿನ ಎರಡು ಮದುವೆ. ನಿದ್ದೆಯೂ ಒಂದು ಕಾರಣ. ನಾಲ್ಕು ಗಂಟೆ ಮಲಗಿದ ಮರುದಿನದ ಬಿಲ್ ಯಾವಾಗಲೂ ದಪ್ಪ, ಪುಸ್ತಕ ತಿರುವಿದರೆ ಕಾಣುತ್ತದೆ. ಮಧ್ಯಾಹ್ನ ಮೂರಕ್ಕೆ ಅಕ್ಕಿಚೀಲದ ಮೇಲೆ ಒಂದು ಗಂಟೆ ಮಲಗುವುದು ಅದಕ್ಕೇ ಶುರು ಮಾಡಿದೆ.

ಖರ್ಚು? ತೂಕದ ಯಂತ್ರ 700 (ಈರುಳ್ಳಿ ಕಾಟಾ 100 ಗ್ರಾಂ ತೋರಿಸುವುದಿಲ್ಲ), ಟೇಪ್ 20, ಬಿಲ್ ಪುಸ್ತಕ ಆರೇಳು, ಪ್ಯಾಂಟ್ ಸೊಂಟ ಹಿಡಿಸಲು ಟೈಲರಿಗೆ ಎರಡು ಸಲ. 1,500 ಒಳಗೆ. ನಮ್ಮ ಗಿರಾಕಿ ಒಬ್ಬರು ತೂಕ ಇಳಿಸುವ ಹೊಸ ಇಂಜೆಕ್ಷನ್ ಮೌಂಜಾರೊ ತೆಗೆದುಕೊಳ್ಳುತ್ತಾರೆ. ಅದು 2025ರ ಮಾರ್ಚ್‌ನಲ್ಲೇ ನಮ್ಮ ದೇಶಕ್ಕೆ ಬಂತು, ಆಗ ಚಿಕ್ಕ ಡೋಸಿನ ಒಂದು ಬಾಟಲಿಗೆ 3,500, ವಾರಕ್ಕೊಂದು. ಅವರಿಗೆ ಡಾಕ್ಟರೇ ಬರೆದುಕೊಟ್ಟಿದ್ದಾರೆ, ಚೆನ್ನಾಗಿ ಇಳಿದಿದ್ದಾರೆ, ನಾನು ಹಂಗಿಸುವುದಿಲ್ಲ. ನನ್ನ ಕೈಗೆ ಎಟುಕದು ಅಷ್ಟೇ.

ಜಂಭ ಕೊಚ್ಚಿದೆ, ಈಗ ನಿಜವನ್ನೂ ಹೇಳಬೇಕು. ನನ್ನ ಎತ್ತರ ಐದಡಿ ಆರಿಂಚು. 78ಕ್ಕೂ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 27 ದಾಟುತ್ತದೆ, ನಮ್ಮವರಿಗೆ 23ರ ಮೇಲೆ ಹೋದರೇ ಜಾಸ್ತಿ, 25ರ ಮೇಲೆ ಬೊಜ್ಜು ಎಂದು ಲೆಕ್ಕ. ಸೊಂಟ 112 ಸೆಂಟಿಮೀಟರ್ ಇದ್ದದ್ದು 97 ಆಗಿದೆ, ಗಂಡಸರಿಗೆ 90ರ ಒಳಗಿರಬೇಕು, ಹೆಂಗಸರಿಗೆ 80. ಕಾಟಾಕ್ಕಿಂತ ಟೇಪು ಮುಖ್ಯ ಎಂದು ನನಗೆ ಬುದ್ಧಿ ಬಂದದ್ದು ನಮ್ಮ ಒಬ್ಬ ಸಪ್ಲೈಯರ್‌ನಿಂದ. ಕಡ್ಡಿಯಂಥ ಕೈಕಾಲು, ಚಿಕ್ಕ ಹೊಟ್ಟೆ, 61 ಕಿಲೋ, ನನಗೆ ಇಲ್ಲದ ಸಕ್ಕರೆ ಕಾಯಿಲೆ ಅವನಿಗೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಇದನ್ನೇ ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದ್ದಾರೆ. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೂ ಬ್ರಿಟನ್ನಿನ ಡಾಕ್ಟರ್ ಒಬ್ಬರದೂ ಫೋಟೊ ಹಾಕಿದ್ದರು. ಇಬ್ಬರದೂ ಬಿಎಂಐ 22.3, ಆದರೆ ಮೈಯ ಕೊಬ್ಬು ಬ್ರಿಟನ್ನಿನವರದು 9.1 ಶೇಕಡ, ಯಾಜ್ಞಿಕರದು 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ನಮ್ಮ ಸಪ್ಲೈಯರ್ ಹುಡುಗರೆಲ್ಲ ಆ ಪೈಕಿ. ಆ ಹುಡುಗ ನನ್ನ ಹಾಗೆ ಊಟ ಕಡಿಮೆ ಮಾಡಲು ಹೋಗಿ, ಸಕ್ಕರೆ ಕಾಯಿಲೆಯ ಮಾತ್ರೆ ತಿಂದು ಒಂದು ಮಧ್ಯಾಹ್ನ ಟೇಬಲ್ ಹಿಡಿದು ಕುಸಿದ, ಸಕ್ಕರೆ ಇಳಿದುಹೋಗಿತ್ತು. ಮಾತ್ರೆ, ಇನ್ಸುಲಿನ್ ಇರುವವರು ಡಾಕ್ಟರಿಗೆ ಹೇಳದೆ ನನ್ನ ಪದ್ಧತಿಗೆ ಕೈ ಹಾಕಬೇಡಿ. ನನ್ನದು ಮೂರು ತಿಂಗಳ ಸಕ್ಕರೆ ಟೆಸ್ಟ್ (ಎಚ್‌ಬಿಎ1ಸಿ) 6.1 ಇದ್ದದ್ದು 5.6ಕ್ಕೆ ಬಂತು, ಅದು ಪುಣ್ಯ.

ಈಗ 78ಕ್ಕೂ 80ಕ್ಕೂ ಮಧ್ಯೆ ಓಡಾಡುತ್ತಿದೆ. ಚೌತಿಗೆ ಊರಿಗೆ ಹೋಗಿ ಬಂದರೆ ಎರಡು ಕಿಲೋ ಗ್ಯಾರಂಟಿ, ಬಂದ ದಿನವೇ ಹೊಸ ಬಿಲ್ ಪುಸ್ತಕ ಬಿಚ್ಚುತ್ತೇನೆ. ಉಳಿದ ದಿನ ಬರೆಯುವುದಿಲ್ಲ, ಸೋಮವಾರ ಮಾತ್ರ ತೂಗುತ್ತೇನೆ, 80 ದಾಟಿದರೆ ಮತ್ತೆ ಪುಸ್ತಕ.

ಹೋದ ವಾರ ಭಟ್ರು ಸದ್ದಿಲ್ಲದೆ ಬಂದು ಒಂದು ಪುಸ್ತಕ ಕೇಳಿದರು. ಮೊದಲ ದಿನದ ಬಿಲ್ 540 ಆಗಿತ್ತಂತೆ. ಹರಿದು ಒಲೆಗೆ ಹಾಕಿದೆ ಎಂದರು. ರುಚಿ ನೋಡಿದ್ದಕ್ಕೂ ಫುಲ್ ಪ್ಲೇಟ್ ರೇಟ್ ಹಾಕಿಕೊಂಡಿದ್ದರು ಪಾಪ, ಕಾಲು ಪ್ಲೇಟ್ ಹಾಕಿ ಎಂದು ತಿದ್ದಿ ಕೊಟ್ಟಿದ್ದೇನೆ.