ಲೈಟ್ ಆರಿತ್ತು, ಕರೆಂಟ್ ಇತ್ತು

ದೀಪಾವಳಿಗೆ ಒಂದು ವಾರ ಇರುವಾಗ ಚಿಗವ್ವ ಫೋನ್ ಮಾಡಿದಳು. "ಯಪ್ಪಾ, ಪಡಸಾಲ್ಯಾಗಿನ ಬಲ್ಬು ಬಟನ್ ಬಂದ್ ಮಾಡಿದ್ರೂ ಮಿಣಿಮಿಣಿ ಉರಿತೈತಿ. ರಾತ್ರಿ ಎದ್ರ ಹೆದರಿಕಿ ಬರ್ತೈತಿ. ಒಮ್ಮೆ ಬಂದು ನೋಡಿ ಹೋಗು" ಅಂದಳು.

ಅವಳ ಊರು ಕಾರಟಗಿ ಹತ್ತಿರ. ನಾನು ಗಂಗಾವತಿಯಲ್ಲಿ ಇಪ್ಪತ್ತು ವರ್ಷದಿಂದ ಮನೆ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಎಲ್‌ಇಡಿ ಬಲ್ಬು ಬಂದ ಮೇಲೆ ಈ ಮಿಣಿಮಿಣಿ ದೂರು ಜಾಸ್ತಿಯಾಗಿದೆ. ಹೆಚ್ಚಿನವರು ಬಲ್ಬೇ ಸರಿಯಿಲ್ಲ ಅಂತ ಅಂಗಡಿಗೆ ವಾಪಸ್ ಕೊಡುತ್ತಾರೆ. ಹಳೇ 60 ವ್ಯಾಟ್ ಬಲ್ಬು ಉರಿಯಲು ಕಾಲು ಆಂಪಿಯರ್ ಕರೆಂಟ್ ಬೇಕಿತ್ತು. ವೈರಿನಿಂದ ಗೋಡೆಗೆ, ನೆಲಕ್ಕೆ ಸೋರುವ ಚೂರುಪಾರು ಕರೆಂಟಿಗೆ ಅದು ಅಲುಗಾಡುತ್ತಲೂ ಇರಲಿಲ್ಲ. ಎಲ್‌ಇಡಿಗೆ ಅಷ್ಟೇ ಸಾಕು, ಮಿನುಗುತ್ತದೆ. ಕೆಲವು ಸಲ ಸ್ವಿಚ್‌ನಲ್ಲಿರುವ ಸಣ್ಣ ಇಂಡಿಕೇಟರ್ ದೀಪದಿಂದಲೂ ಹೀಗಾಗುತ್ತದೆ, ಅದರಿಂದ ತೊಂದರೆ ಇಲ್ಲ. ಆದರೆ ಸ್ವಿಚ್ಚು, ಕರೆಂಟ್ ತರುವ ಫೇಸ್ ವೈರಿನ ಬದಲು ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್ ವೈರನ್ನು ಕಡಿಯುತ್ತಿದ್ದರೂ ಹೀಗೇ ಆಗುತ್ತದೆ. ಅಂಥಾ ಮನೆಯಲ್ಲಿ ಬಟನ್ ಬಂದ್ ಮಾಡಿದ ಮೇಲೂ ಹೋಲ್ಡರ್‌ನಲ್ಲಿ 230 ವೋಲ್ಟ್ ನಿಂತೇ ಇರುತ್ತದೆ.

ಚಿಗವ್ವನಿಗೆ ಒಂದು ರೂಢಿ ಇದೆ. ಭತ್ತದ ಸುಗ್ಗಿ ಹೊತ್ತಿಗೆ ನಮ್ಮ ಕಡೆ ಹಸಿರು ಹುಳ ಲೈಟಿಗೆ ಮುತ್ತುತ್ತವೆ. ಬಲ್ಬು, ಹೋಲ್ಡರ್ ಎಲ್ಲ ಸತ್ತ ಹುಳದಿಂದ ತುಂಬಿಹೋಗುತ್ತವೆ. ಅವಳು ಬಟನ್ ಬಂದ್ ಮಾಡಿ, ಸ್ಟೂಲ್ ಹತ್ತಿ, ಒದ್ದೆ ಬಟ್ಟೆಯಿಂದ ಒರೆಸುತ್ತಾಳೆ. ಅದು ನೆನಪಾಗಿ ಫೋನಿನಲ್ಲೇ ಹೇಳಿದೆ: "ನಾ ಬರೂತನಕ ಯಾವ ಬಲ್ಬೂ ಮುಟ್ಟಬ್ಯಾಡ ಚಿಗವ್ವಾ." ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ.

ಅವಳ ಮನೆಯಲ್ಲಿ ಮೇನ್ ಅಂದರೆ ಕಟ್ಟಿಗೆ ಹಲಗೆ ಮೇಲೆ ಒಂದು ಪಿಂಗಾಣಿ ಫ್ಯೂಸು, ಪಕ್ಕದಲ್ಲಿ ನ್ಯೂಟ್ರಲ್ ವೈರಿಗೆ ಒಂದು ಲಿಂಕು, ಅಂದರೆ ಫ್ಯೂಸಿಲ್ಲದ ನೇರ ಜೋಡಣೆ, ಅಷ್ಟೇ. ಫ್ಯೂಸ್ ಕಿತ್ತೆ. ಫ್ಯಾನ್ ನಿಂತಿತು, ಫ್ರಿಜ್ ಸುಮ್ಮನಾಯಿತು, ಪಡಸಾಲೆ ಕತ್ತಲಾಯಿತು. ಎಷ್ಟೋ ಜನ ಇಲ್ಲಿಗೇ ನಂಬಿ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುತ್ತಾರೆ. ನಾನು ಸ್ವಿಚ್ ಬೋರ್ಡ್ ಬಿಚ್ಚಿ, ಕರೆಂಟ್ ಇದ್ದರೆ ಹತ್ತುವ ಪೆನ್ನಿನಂಥ ಟೆಸ್ಟರ್ ಹಚ್ಚಿದೆ. ಕೆಂಪಗೆ ಹತ್ತಿತು. ಇನ್ನೊಂದು ವೈರಿಗೆ ಹಚ್ಚಿದೆ, ಅಲ್ಲೂ ಹತ್ತಿತು.

ಇಡೀ ಮನೆಗೇ ಫೇಸು, ನ್ಯೂಟ್ರಲ್ಲು ಅದಲುಬದಲಾಗಿದ್ದವು. ಫ್ಯೂಸು ಈಗ ನ್ಯೂಟ್ರಲ್ ದಾರಿಯಲ್ಲಿ ಕೂತಿತ್ತು. ಅದನ್ನು ಕಿತ್ತರೆ ಕರೆಂಟ್ ವಾಪಸ್ ಹೋಗುವ ದಾರಿ ಮಾತ್ರ ಕಡಿಯುತ್ತದೆ. ಲೈಟ್ ಆರುತ್ತದೆ, ಆದರೆ ಪ್ರತಿ ಬೋರ್ಡು, ಪ್ರತಿ ಹೋಲ್ಡರ್‌ನಲ್ಲಿ ಫೇಸ್ ಹಾಗೇ ಇರುತ್ತದೆ. ಮುಟ್ಟಿದವರ ಮೈಯೇ ಆಗ ವಾಪಸ್ ಹೋಗುವ ದಾರಿ.

ಯಾವಾಗಿನಿಂದ ಹೀಗೆ ಅಂತ ಕೇಳುತ್ತಾ ಹೋದಾಗ ತಿಳಿಯಿತು: ಬೇಸಿಗೆಯ ಗಾಳಿ ಮಳೆಗೆ ಕಂಬದಿಂದ ಬರುವ ಸರ್ವೀಸ್ ವೈರ್ ಹರಿದು ಬಿದ್ದಿತ್ತು. ಯಾರೋ ಬಂದು ಜೋಡಿಸಿ ಹೋಗಿದ್ದರು. ಎರಡೂ ಎಳೆ ಒಂದೇ ಕಪ್ಪು ಬಣ್ಣ. ಲೈಟ್ ಹತ್ತಿದವು, ಎಲ್ಲರೂ ಖುಷಿಯಾದರು. ಜೋಡಿಸಿದ ಮೇಲೆ ಒಮ್ಮೆ ಟೆಸ್ಟರ್ ಹಚ್ಚಿದ್ದರೆ ಆರು ತಿಂಗಳು ಆ ಮುದುಕಿ ಫೇಸ್ ಇರುವ ಹೋಲ್ಡರ್ ಒರೆಸುತ್ತಿರಲಿಲ್ಲ. ನನಗೆ ಇವತ್ತಿಗೂ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೀಟರ್‌ಗಿಂತ ಹಿಂದಿನ ವೈರು ನಾನು ಮುಟ್ಟುವಂಥದ್ದಲ್ಲ. ಲೈನ್‌ಮನ್ ಅಣ್ಣನನ್ನು ಕರೆಸಿ, ಕಂಬದ ಹತ್ತಿರವೇ ಲೈನ್ ತೆಗೆಸಿದೆ. ಅವರೇ ಜೋಡಣೆ ಅದಲುಬದಲು ಮಾಡಿಕೊಟ್ಟರು. ಅಷ್ಟರಲ್ಲಿ ನಾನು ಆ ಹಲಗೆ ಕಿತ್ತು, ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಎರಡೂ ವೈರನ್ನು ಒಟ್ಟಿಗೆ ಕಡಿಯುವ ಡಬಲ್ ಪೋಲ್ ಎಂಸಿಬಿ ಸ್ವಿಚ್ಚು, ಅದರ ಮುಂದೆ ಕರೆಂಟ್ ಸೋರಿದರೆ ಬೀಳುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿದೆ. ಆರ್‌ಸಿಸಿಬಿ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಎಂಸಿಬಿ ಕಾಯುವುದು ವೈರನ್ನು. ಲೈಟಿನ ಲೈನಿಗೆ 6 ಆಂಪಿಯರ್ ಎಂಸಿಬಿ ಇದ್ದರೂ, ಮನುಷ್ಯನ ಎದೆಯ ಮೂಲಕ 100 ಮಿಲಿ ಆಂಪಿಯರ್, ಅಂದರೆ ಒಂದು ಆಂಪಿಯರ್‌ನ ಹತ್ತನೇ ಒಂದು ಪಾಲು, ಹೋದರೆ ಜೀವ ಹೋಗಬಹುದು. ಅಷ್ಟಕ್ಕೆ ಎಂಸಿಬಿ ಬೀಳುವುದೇ ಇಲ್ಲ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ವ್ಯತ್ಯಾಸ ಬಂದ ಕೂಡಲೇ ಬೀಳುವುದು ಆರ್‌ಸಿಸಿಬಿ. ಅದರ ಮೇಲಿನ ಟೆಸ್ಟ್ ಬಟನ್ ಒತ್ತಿ ಬೀಳುತ್ತದೋ ಇಲ್ಲವೋ ಆಗಾಗ ನೋಡಬೇಕು.

ಲೈನ್ ಕೊಟ್ಟ ಮೇಲೆ ಪ್ರತಿ ಪಾಯಿಂಟನ್ನೂ ಮತ್ತೆ ನೋಡಿದೆ. ಪಡಸಾಲೆ ಸರಿ, ಅಡಿಗೆಮನೆ ಸರಿ, ಬಚ್ಚಲು ಸರಿ. ದನದ ಕೊಟ್ಟಿಗೆಯಲ್ಲಿ ಬಟನ್ ಬಂದ್ ಇದ್ದರೂ ಹೋಲ್ಡರ್‌ನಲ್ಲಿ ಟೆಸ್ಟರ್ ಹತ್ತಿತು! ಬೆಳಿಗ್ಗೆವರೆಗೂ ಇಡೀ ಮನೆಯಲ್ಲಿ ಅದೊಂದೇ ಸರಿ ಇತ್ತು. ಬೋರ್ಡ್ ಬಿಚ್ಚಿ ನೋಡಿದರೆ ಎರಡೂ ಕೆಂಪು ವೈರ್. ಹಿಂದೆ ಯಾರೋ ಅಲ್ಲಿ ನ್ಯೂಟ್ರಲ್ಲನ್ನೇ ಸ್ವಿಚ್ಚಿಗೆ ತಂದಿದ್ದರು. ಸರ್ವೀಸ್ ವೈರ್ ತಿರುವು ಆದಾಗ ಅದು ತಾನಾಗಿ ಸರಿಯಾಗಿತ್ತು. ಸರ್ವೀಸ್ ಸರಿಯಾದ ಕೂಡಲೇ ಹಳೇ ತಪ್ಪು ಹೊರಗೆ ಬಂತು. ನಾನು ಒಂದೆರಡು ಪಾಯಿಂಟ್ ನೋಡಿ ಮನೆಗೆ ಹೋಗಿದ್ದರೆ?

ಕೊಟ್ಟಿಗೆ ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕಿದೆ. ನಮ್ಮ ಕಡೆಯ ಬಿಸಿಲಿಗೆ ಹಳೇ ವೈರಿನ ಮೇಲಿನ ಪಿವಿಸಿ ಒಣಗಿ, ಬೆರಳಿನಿಂದ ಬಗ್ಗಿಸಿದರೆ ಬಿರುಕು ಬಿಡುತ್ತಿತ್ತು. ಲೈಟಿಗೆ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ತಂದಿದ್ದೆ. ಫೇಸಿಗೆ ಕೆಂಪು, ನ್ಯೂಟ್ರಲ್‌ಗೆ ಕಪ್ಪು, ಅರ್ಥಿಂಗಿಗೆ ಹಸಿರು. ಸುರುಳಿಯಲ್ಲಿ ಉಳಿದ ಬಣ್ಣ ಯಾವುದೋ ಅದನ್ನೇ ಎಳೆದುಬಿಡುವುದನ್ನು ನಾನು ಒಪ್ಪುವುದಿಲ್ಲ. ಹತ್ತು ವರ್ಷ ಆದ ಮೇಲೆ ಆ ಬೋರ್ಡ್ ಬಿಚ್ಚುವವನಿಗೆ ಬಣ್ಣವೇ ಗುರುತು. ಹಾಗಂತ ಬಣ್ಣ ನೋಡಿ ನಂಬಿ ಕೈ ಹಾಕುವುದೂ ಇಲ್ಲ.

ಜೋಡಣೆ ಸರಳ. ಕೆಂಪು ವೈರ್ ಸ್ವಿಚ್ಚಿನ ಒಂದು ಕಡೆಗೆ ಬರುತ್ತದೆ. ಇನ್ನೊಂದು ಕಡೆಯಿಂದ ಹೋಲ್ಡರ್‌ಗೆ ಹೋಗುತ್ತದೆ. ಕಪ್ಪು ವೈರ್ ಸ್ವಿಚ್ ಹತ್ತಿರ ಸುಳಿಯದೆ ನೇರ ಹೋಲ್ಡರ್‌ಗೆ ಹೋಗುತ್ತದೆ. ತಿರುಪು ಬಲ್ಬಿನ ಹೋಲ್ಡರ್ ಆದರೆ ಫೇಸ್ ನಡುವಿನ ತಗಡಿಗೇ ಬರಬೇಕು, ಸುತ್ತಲಿನ ತಿರುಪಿಗೆ ಬರಬಾರದು. ಬಲ್ಬು ತಿರುಗಿಸುವಾಗ ಬೆರಳು ತಾಗುವುದು ಆ ತಿರುಪಿಗೇ ಅಲ್ವಾ?

ಸಮಯ ಕೊಡಬೇಕಾದದ್ದು ವೈರಿನ ತುದಿಗೆ. ಒಂದು ಸೆಂಟಿಮೀಟರಿನಷ್ಟು ಮಾತ್ರ ಸಿಪ್ಪೆ ತೆಗೆಯುತ್ತೇನೆ. ಬ್ಲೇಡಿನಿಂದ ಸುತ್ತ ಗೀರಿದರೆ ಒಳಗಿನ ಎರಡು ಎಳೆ ಕಡಿದಿರುತ್ತವೆ, ಅಲ್ಲೇ ಮುಂದೆ ಬಿಸಿಯಾಗುತ್ತದೆ. ಅದಕ್ಕೆ ಸ್ಟ್ರಿಪ್ಪರ್ ಬಳಸುತ್ತೇನೆ. ಎಳೆಗಳನ್ನು ಹೊಸೆದು, ತುದಿ ಮಡಚಿ ಎರಡು ಪಟ್ಟು ಮಾಡಿ, ಟರ್ಮಿನಲ್ ಒಳಗೆ ತೂರಿಸಿ ಸ್ಕ್ರೂ ಬಿಗಿಯುತ್ತೇನೆ. ಸ್ಕ್ರೂ ತಾಮ್ರದ ಮೇಲೆ ಕೂತಿರಬೇಕು, ಸಿಪ್ಪೆ ಮೇಲೆ ಕೂತರೆ ಲೈಟು ಪಟಪಟ ಅನ್ನುತ್ತದೆ. ಒಂದು ಎಳೆಯೂ ಹೊರಗೆ ಇಣುಕಬಾರದು. ಆಮೇಲೆ ವೈರ್ ಹಿಡಿದು ಜಗ್ಗಿ ನೋಡುತ್ತೇನೆ. ಬಂದರೆ ಮತ್ತೆ ಮೊದಲಿನಿಂದ. ನಡು ದಾರಿಯಲ್ಲಿ ಹೊಸೆದು ಟೇಪ್ ಸುತ್ತುವ ಜೋಡಣೆ ನಾನು ಮಾಡುವುದಿಲ್ಲ. ಏಪ್ರಿಲ್ ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಜೋಡಣೆ ಬೇಕೇ ಬೇಕು ಅಂದರೆ ಡಬ್ಬಿ ಒಳಗೆ, ಕನೆಕ್ಟರ್ ಹಾಕಿ. ನೇತಾಡುವ ಹೋಲ್ಡರ್ ಆದರೆ ಮುಚ್ಚಳದೊಳಗೆ ವೈರಿಗೆ ಗಂಟು ಹಾಕಬೇಕು, ಬಲ್ಬಿನ ಭಾರ ಸ್ಕ್ರೂಗಳ ಮೇಲೆ ಬೀಳಬಾರದು. ಕೊಟ್ಟಿಗೆಯ ಹಿತ್ತಾಳೆ ಹೋಲ್ಡರ್ ತೆಗೆದು ಪ್ಲಾಸ್ಟಿಕ್‌ದು ಹಾಕಿದೆ. ಎಮ್ಮೆ ತೊಳೆಯುವ ಜಾಗ ಅದು.

ಟೆಸ್ಟರ್ ಬಗ್ಗೆ ಒಂದು ಮಾತು. ಅದು ಹತ್ತಲಿಲ್ಲ ಅಂದರೆ ಕರೆಂಟ್ ಇಲ್ಲ ಅಂತಲೇ ಅರ್ಥವಲ್ಲ. ಟೆಸ್ಟರ್ರೇ ಕೆಟ್ಟಿರಬಹುದು. ಒಣ ಸ್ಟೂಲ್ ಮೇಲೆ, ದಪ್ಪ ಚಪ್ಪಲಿ ಹಾಕಿ ನಿಂತರೆ ಮಬ್ಬಾಗಿ ಹತ್ತಿ ಕಣ್ಣಿಗೆ ಕಾಣದೆಯೂ ಇರಬಹುದು. ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಮೊದಲು ಹಚ್ಚಿ, ಆಮೇಲೆ ಕೆಲಸದ ಜಾಗದಲ್ಲಿ ಹಚ್ಚಿ, ಮತ್ತೆ ವಾಪಸ್ ಮೊದಲಿನ ಕಡೆ ಹಚ್ಚಿ ನೋಡುತ್ತೇನೆ. ಕೈಯಲ್ಲಿ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಫೇಸಿನಿಂದ ನ್ಯೂಟ್ರಲ್‌ಗೆ 230ರ ಆಸುಪಾಸು, ನ್ಯೂಟ್ರಲ್‌ನಿಂದ ಅರ್ಥಿಂಗಿಗೆ ಕೆಲವೇ ವೋಲ್ಟ್ ತೋರಿಸಬೇಕು.

ಇನ್ವರ್ಟರ್ ಇರುವ ಮನೆಯಲ್ಲಿ ಇನ್ನೂ ಎಚ್ಚರ ಬೇಕು. ಗಂಗಾವತಿಯ ಒಂದು ಮನೆಯಲ್ಲಿ ಮೇನ್ ಆಫ್ ಮಾಡಿ ಲೈಟಿನ ವೈರಿಗೆ ಕೈ ಹಾಕಿದ್ದೆ. ಜಿಮ್ಮಂತ ಹೊಡೆದು ಏಣಿಯಿಂದ ಬಿದ್ದೆ, ಮಣಿಕಟ್ಟು ಮುರಿಯಿತು. ಮೇನ್ ಆಫ್ ಆದ ಕೂಡಲೇ ಇನ್ವರ್ಟರ್ ತನ್ನ ಕೆಲಸ ಶುರು ಮಾಡಿತ್ತು. ಅಂದಿನಿಂದ ಮೊದಲು ಇನ್ವರ್ಟರ್ ಬಂದ್ ಮಾಡುತ್ತೇನೆ, ಆಮೇಲೆ ಮೇನ್, ಕೊನೆಗೆ ಇನ್ವರ್ಟರ್‌ನ ಔಟ್‌ಪುಟ್ ಬಿಡಿಸುತ್ತೇನೆ.

ಮನೆಯವರು ತಾವೇ ಎಷ್ಟು ಮಾಡಬಹುದು ಅಂತ ಕೇಳುತ್ತಾರೆ. ಬಲ್ಬು, ಫ್ಯೂಸು, ಕೆಟ್ಟ ಸ್ವಿಚ್ಚು ಇದ್ದ ಹಾಗೇ ಬದಲಿಸಲು ನಿಯಮದಲ್ಲಿ ಅಡ್ಡಿಯಿಲ್ಲ. ಹೊಸ ಪಾಯಿಂಟ್, ಹೊಸ ಲೈನ್ ಎಳೆಯುವುದು ಲೈಸೆನ್ಸ್ ಇರುವ ಕಾಂಟ್ರ್ಯಾಕ್ಟರ್ ಕಡೆಯಿಂದಲೇ ಆಗಬೇಕು. ಸ್ವಿಚ್ ಬದಲಿಸುವವರು ಹಳೆಯದು ಬಿಚ್ಚುವ ಮೊದಲು, ಮೇನ್ ಬಂದ್ ಮಾಡಿ, ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಯಾವ ವೈರ್ ಎಲ್ಲಿತ್ತು ಅನ್ನುವ ಗೊಂದಲ ಇರುವುದಿಲ್ಲ.

ಸಂಜೆ ಹೊತ್ತಿಗೆ ಕೆಲಸ ಮುಗಿಯಿತು. ಪ್ರತಿ ಹೋಲ್ಡರ್‌ನಿಂದ ಬಲ್ಬು ತೆಗೆದು ಕೊನೆಯ ಸಲ ನೋಡಿದೆ. ಬಟನ್ ಬಂದ್ ಇದ್ದಾಗ ಎರಡೂ ಪಿನ್ನಿನಲ್ಲಿ ಏನೂ ಇಲ್ಲ. ಹಾಕಿದಾಗ ಒಂದರಲ್ಲಿ ಮಾತ್ರ. ಹೊಸ ಎಂಸಿಬಿಗೆ ಕೆಂಪು ಟೇಪ್ ಅಂಟಿಸಿ, ಬಲ್ಬು ಒರೆಸುವ ಮೊದಲು ಇದನ್ನು ಕೆಳಗೆ ಮಾಡಬೇಕು, ಒಣ ಬಟ್ಟೆಯಿಂದಲೇ ಒರೆಸಬೇಕು ಅಂತ ಚಿಗವ್ವನಿಗೆ ತೋರಿಸಿದೆ. ಅವಳೇ ಕೈಯಾರೆ ಕೆಳಗೆ ಮಾಡಿದಳು. ಒಣ ಬಟ್ಟೆ ಹಿಡಿದು ಸ್ಟೂಲ್ ಹತ್ತಿರ ಬಂದವಳು ಹತ್ತದೆ ನಿಂತಳು.

"ಮೊದಲ ಆ ಪೆನ್ನು ಹಚ್ಚಿ ನೋಡು ಯಪ್ಪಾ" ಅಂದಳು.