ಎಳೆಯೋದು ಬಿಡಿ, ತಡೆಯೋದು ನೋಡಿ: ಟ್ರೇಲರ್ ಕಟ್ಟಿಕೊಂಡು ಪುಣೆಯಿಂದ ಗೋವಾಕ್ಕೆ

ಕಾರಿನ ಹಿಂದೆ ಕ್ಯಾಂಪಿಂಗ್ ಟ್ರೇಲರ್ ಕಟ್ಟಿಕೊಂಡು ತಿರುಗಬೇಕು ಅನ್ನುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ. "ಅಣ್ಣಾ, ನನ್ನ ಗಾಡಿ ಇದನ್ನ ಎಳೀತದಲ್ಲ?" ಈಗಿನ ಡೀಸೆಲ್ ಗಾಡಿಗಳಿಗೆ ಸಣ್ಣ ಟ್ರೇಲರ್ ಎಳೆಯುವುದು ದೊಡ್ಡ ಕೆಲಸವಲ್ಲ. ನಾನು ವಾಪಸ್ ಕೇಳುವುದು ಬೇರೆ: ಇಳಿಜಾರಿನಲ್ಲಿ ಅದು ಹಿಂದಿನಿಂದ ನೂಕಿದಾಗ ನಿಮ್ಮ ಗಾಡಿ ತಡೆಯುತ್ತದಾ?

ಪುಣೆಯ ಭೋಸರಿ ಎಂಐಡಿಸಿಯಲ್ಲಿ (ಕೈಗಾರಿಕಾ ಪ್ರದೇಶ) ನನ್ನದು ಆಕ್ಸಲ್, ಬ್ರೇಕ್, ಪಾಟಾ (ಪಟ್ಟಿ ಸ್ಪ್ರಿಂಗ್) ರಿಪೇರಿಯ ವರ್ಕ್‌ಶಾಪ್. ಊರು ಬೈಲಹೊಂಗಲ. ಬರುವ ಕೆಲಸ ಹೆಚ್ಚಾಗಿ ಟ್ರ್ಯಾಕ್ಟರ್ ಟ್ರಾಲಿ ಮತ್ತು ಕಾರ್ಖಾನೆಯೊಳಗೆ ಓಡಾಡುವ ಟ್ರೇಲರ್‌ಗಳದ್ದು. ಈಚೆಗೆ ಹಾಸಿಗೆ, ಸಿಂಕು, ಗ್ಯಾಸ್ ಒಲೆ ಇರುವ ಟ್ರೇಲರ್‌ಗಳೂ ಬರುತ್ತಿವೆ. ತರುವವರಲ್ಲಿ ವಾಕಡ್, ಹಿಂಜವಡಿ ಕಡೆಯ ನಮ್ಮ ಕನ್ನಡದ ಹುಡುಗರೇ ಜಾಸ್ತಿ. ದೀಪಾವಳಿಗೆ ಊರು, ಅಲ್ಲಿಂದ ಗೋವಾ ಅಂತ ಅವರ ಪ್ಲ್ಯಾನ್. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಕಾಗದದ ವಿಷಯ ಮೊದಲು ಮುಗಿಸೋಣ. ಟ್ರೇಲರ್ ಕೂಡ ಕಾನೂನಿನ ಕಣ್ಣಲ್ಲಿ ಒಂದು ವಾಹನವೇ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದಕ್ಕೂ ಬೇರೆಯಾಗಿ ನೋಂದಣಿ ಬೇಕು. ಅದರ ಸ್ವಂತ ನಂಬರು ಪಕ್ಕದಲ್ಲಿ ಕಾಣಬೇಕು, ಎಳೆಯುವ ಗಾಡಿಯ ನಂಬರು ಟ್ರೇಲರ್ ಹಿಂದೆ ಕಾಣಬೇಕು. "ಆರ್‌ಸಿ ಆಮೇಲೆ ಮಾಡಿಸಿಕೊಡ್ತೀವಿ" ಅಂದವರ ಹತ್ತಿರ ಅಡ್ವಾನ್ಸ್ ಕೊಡಬೇಡಿ.

ಇನ್ನು ತೂಕ. ನಿಮ್ಮ ಗಾಡಿಯ ಮ್ಯಾನ್ಯುವಲ್ ತೆಗೆದು ಎಷ್ಟು ಕಿಲೋ ಎಳೆಯಬಹುದು ಅಂತ ನೋಡಿ. ಕೆಲವದರಲ್ಲಿ ಎರಡು ಲೆಕ್ಕ ಇರುತ್ತದೆ. ಬ್ರೇಕ್ ಇರುವ ಟ್ರೇಲರ್‌ಗೆ ಒಂದು, ಇಲ್ಲದ್ದಕ್ಕೆ ಒಂದು. ಎಳೆಯಬೇಡಿ ಅಂತಲೇ ಬರೆದಿದ್ದರೆ ಆ ಆಸೆ ಬಿಡಿ, ಹಿಚ್ (ಟ್ರೇಲರ್ ಕಟ್ಟಲು ಕಾರಿನ ಹಿಂದೆ ಹಾಕುವ ಕೊಂಡಿ) ಅಂಗಡಿಯವನು ಏನೇ ಹೇಳಲಿ. ಯುರೋಪಿನಲ್ಲಿ ಸ್ವಂತ ಬ್ರೇಕ್ ಇಲ್ಲದ ಟ್ರೇಲರ್‌ಗೆ 750 ಕಿಲೋ ಮಿತಿ. ಘಾಟಿ ಇಳಿಯುವ ನಮಗೆ ಅದಕ್ಕಿಂತ ಕಡಿಮೆ ತೂಕದಲ್ಲೂ ಬ್ರೇಕ್ ಇದ್ದರೆ ಒಳ್ಳೆಯದು ಅನ್ನುವವನು ನಾನು.

ಮಾರುವವರು ಹೇಳುವುದು ಖಾಲಿ ತೂಕ. ಅದರ ಮೇಲೆ ಬ್ಯಾಟರಿ, ಸಿಲಿಂಡರ್, ಪಾತ್ರೆ, ಹಾಸಿಗೆ, ಕುರ್ಚಿ, ಮಕ್ಕಳ ಸೈಕಲ್ಲು. ನೀರು ಲೀಟರಿಗೆ ಒಂದು ಕಿಲೋ. ಎಲ್ಲ ತುಂಬಿಕೊಂಡು ಹೆದ್ದಾರಿ ಪಕ್ಕದ ಲಾರಿ ತೂಗುವ ಕಾಟಾದಲ್ಲಿ ಒಮ್ಮೆ ತೂಗಿಸಿ. ಟ್ರೇಲರ್ ಬಿಚ್ಚಿ ಅದೊಂದನ್ನೇ ತೂಗಿಸಿದರೆ ನಿಜ ಗೊತ್ತಾಗುತ್ತದೆ.

ಒಟ್ಟು ತೂಕಕ್ಕಿಂತ ಮುಖ್ಯ, ಆ ತೂಕ ಎಲ್ಲಿ ಕೂತಿದೆ ಅನ್ನುವುದು. ವಾಕಡದಲ್ಲಿರುವ ದಾವಣಗೆರೆಯ ಒಬ್ಬ ಗಿರಾಕಿಯ ಟ್ರೇಲರನ್ನು ಅವನ ಸೊಸೈಟಿ ಪಾರ್ಕಿಂಗಿನಲ್ಲೇ ನೋಡಿದೆವು. ತುಂಬಿದ ತೂಕ 700 ಕಿಲೋ. ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಟ್ಟೆವು. ಅವನ ಮನೆಯ ಬಾತ್‌ರೂಮ್ ತೂಕದ ಯಂತ್ರ ತಂದು ಟ್ರೇಲರ್ ಮೂತಿಯಲ್ಲಿರುವ ಕಪ್ಲರ್ (ಕಾರಿಗೆ ಸಿಕ್ಕಿಸುವ ಬಾಯಿ) ಕೆಳಗೆ ಇಟ್ಟೆವು. ಕಾರಿನ ಹಿಚ್‌ನಲ್ಲಿ ಕಪ್ಲರ್ ಕೂರುವ ಗುಂಡು, ಅಂದರೆ ಬಾಲ್, ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಕಪ್ಲರ್ ಬರುವಂತೆ ನಡುವೆ ಒಂದು ಮರದ ದಿಮ್ಮಿ. ಮುಂದಿನ ಸಣ್ಣ ಚಕ್ರವನ್ನು ಮೇಲೆತ್ತಿ ಭಾರವನ್ನೆಲ್ಲ ಯಂತ್ರದ ಮೇಲೆ ಬಿಟ್ಟಾಗ ಮುಳ್ಳು 35ಕ್ಕೆ ನಿಂತಿತು.

"ಕಡಿಮೆ ಇದ್ರೆ ಒಳ್ಳೇದಲ್ವಾ ಅಣ್ಣಾ, ಕಾರಿಗೆ ಆರಾಮ?" ಅಂದ.

ಚಕ್ಕಡಿ ಹೇರಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂಭಾರ ಹೆಚ್ಚಾದರೆ ನೊಗ ಮೇಲೆದ್ದು ಪಟ್ಟಿ ಎತ್ತಿನ ಗಂಟಲು ಹಿಡಿಯುತ್ತದೆ. ಟ್ರೇಲರ್‌ನಲ್ಲೂ ಹಿಂಭಾರವಾದರೆ ಮೂತಿ ಹಗುರಾಗುತ್ತದೆ, ಸ್ಪೀಡ್ ಏರಿದ ಹಾಗೆ ಹಿಂಭಾಗ ಆಚೆ ಈಚೆ ತೂಗಾಡಲು ಶುರು. ಆ ತೂಗಾಟ ಕಾರನ್ನೂ ಹಿಡಿದು ಅಲ್ಲಾಡಿಸುತ್ತದೆ. ಮುಂಭಾರ ಮಿತಿ ಮೀರಿದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ, ಸ್ಟೀರಿಂಗ್ ಹಗುರ ಅನ್ನಿಸುತ್ತದೆ, ಹೆಡ್‌ಲೈಟು ಆಕಾಶ ನೋಡುತ್ತದೆ.

ಅಮೆರಿಕದವರು ಒಟ್ಟು ತೂಕದ ಶೇ. 10ರಿಂದ 15 ಮೂತಿಯ ಮೇಲಿರಲಿ ಅನ್ನುತ್ತಾರೆ. ಯುರೋಪಿನವರ ಲೆಕ್ಕ 5ರಿಂದ 7. ನಾನು 10ರ ಹತ್ತಿರ ಕೂರಿಸುತ್ತೇನೆ. ಆದರೆ ಹಿಚ್ ಮೇಲೆ ಬರೆದಿರುವ ಮಿತಿ, ಕಾರಿನ ಮ್ಯಾನ್ಯುವಲ್‌ನ ಮಿತಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಬಾರದು. ಆ ಹುಡುಗನ ಟ್ರೇಲರ್‌ನಲ್ಲಿ ಸೈಕಲ್ಲು, ಟೂಲ್ ಬಾಕ್ಸ್ ಸೇರಿ 40 ಕಿಲೋ ಸಾಮಾನು ತೀರಾ ಹಿಂದೆ, ಆಕ್ಸಲ್‌ನಿಂದ 1.2 ಮೀಟರ್ ದೂರದಲ್ಲಿತ್ತು. ಅದನ್ನು ಆಕ್ಸಲ್‌ನ ಮುಂದೆ 0.8 ಮೀಟರ್‌ಗೆ ತಂದೆವು. ಆಕ್ಸಲ್‌ನಿಂದ ಬಾಲ್‌ಗೆ ಎರಡೂವರೆ ಮೀಟರ್. 40 ಕಿಲೋವನ್ನು ಎರಡು ಮೀಟರ್ ಸರಿಸಿದ್ದಕ್ಕೆ ಮೂತಿಯ ಮೇಲೆ 32 ಕಿಲೋ ಏರಿತು. 35 ಹೋಗಿ 67. ಒಂದು ರೂಪಾಯಿ ಖರ್ಚಿಲ್ಲ. ಭಾರದ ಸಾಮಾನು ಆಕ್ಸಲ್‌ನ ಹತ್ತಿರ, ನೆಲಕ್ಕೆ ಹತ್ತಿರ, ಸ್ವಲ್ಪ ಮುಂದೆ. ಹಗುರದ್ದು ಮೇಲೆ. ನೀರಿನ ಟ್ಯಾಂಕ್ ಹಿಂದೆ ಇದ್ದರೆ ಖಾಲಿ ಮಾಡಿಕೊಂಡೇ ಹೊರಡಿ. ನೀರು ದಾರಿಯಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ.

ಕಟ್ಟುವಾಗ ಬಾಲ್‌ನ ಅಳತೆ ಮತ್ತು ಕಪ್ಲರ್‌ನ ಅಳತೆ ಒಂದೇನಾ ನೋಡಿ. 50 ಮಿಲಿಮೀಟರಿನದೂ ಇದೆ, 2 ಇಂಚಿನದೂ ಇದೆ. 2 ಇಂಚು ಅಂದರೆ 50.8 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ ಥರ. ದೊಡ್ಡ ಕಪ್ಲರ್ ಸಣ್ಣ ಬಾಲ್ ಮೇಲೆ ಕೂತರೆ ಕಟಕಟ ಅನ್ನುತ್ತದೆ, ತೇಯುತ್ತದೆ. ಲಾಕ್ ಹಾಕಿ ಪಿನ್ ಕೊಟ್ಟ ಮೇಲೆ ಮುಂದಿನ ಸಣ್ಣ ಚಕ್ರವನ್ನು ಕೆಳಕ್ಕೆ ತಿರುಗಿಸಿ. ಟ್ರೇಲರ್ ಜೊತೆ ಕಾರಿನ ಹಿಂಭಾಗವೂ ಮೇಲೇಳಬೇಕು. ಕಪ್ಲರ್ ಒಂದೇ ಮೇಲೆ ಬಂದರೆ ಅದು ಲಾಕ್ ಆಗಿಲ್ಲ ಅಂತ ಅರ್ಥ. ಪರೀಕ್ಷೆ ಮುಗಿದ ಮೇಲೆ ಆ ಚಕ್ರವನ್ನು ಪೂರ್ತಿ ಎತ್ತಿ ಕಟ್ಟುವುದು ಮರೆಯಬೇಡಿ, ಮೊದಲ ಸ್ಪೀಡ್ ಬ್ರೇಕರ್‌ಗೇ ಕಿತ್ತು ಬರುತ್ತದೆ. ಸರಪಳಿ ಎರಡನ್ನೂ ಕಪ್ಲರ್ ಕೆಳಗೆ ಅಡ್ಡಡ್ಡ ದಾಟಿಸಿ ಕಟ್ಟಿ. ಕಪ್ಲರ್ ಬಿಟ್ಟುಹೋದರೂ ಮೂತಿ ರಸ್ತೆಗೆ ಬಡಿಯದೆ ಸರಪಳಿಯ ಮೇಲೆ ಕೂರುತ್ತದೆ. ಟ್ರೇಲರ್ ಕಾರಿನಿಂದ ಕಳಚಿದರೆ ಅದರ ಬ್ರೇಕ್ ಹಿಡಿಸುವ ತಂತಿ ಬೇರೆ ಇರುತ್ತದಲ್ಲ, ಅದನ್ನು ಈ ಸರಪಳಿಗೆ ಸಿಕ್ಕಿಸಬೇಡಿ. ಅದು ಕಾರಿನ ಬಾಡಿಯ ಗಟ್ಟಿ ಜಾಗಕ್ಕೆ ಬೇರೆಯಾಗಿಯೇ ಹೋಗಬೇಕು.

ಲೈಟು: ಒಬ್ಬರು ಹಿಂದೆ ನಿಂತು ನೋಡಿದರೆ ಎರಡು ನಿಮಿಷದ ಕೆಲಸ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂದವಾಗಿ ಉರಿದರೆ ಬಲ್ಬ್ ಬದಲಿಸುತ್ತಾ ಕೂರಬೇಡಿ. ಅರ್ಥ್ ವೈರ್ ಕೂತ ಜಾಗದ ತುಕ್ಕು ಉಜ್ಜಿ, ಬೋಲ್ಟ್ ಬಿಗಿ ಮಾಡಿ.

ರಸ್ತೆಗೆ ಬಂದ ಮೇಲೆ 60, 70ಕ್ಕಿಂತ ಜಾಸ್ತಿ ಬೇಡ. ಕಾತ್ರಜ್ ದಾಟಿ ಸಾತಾರಾ ಕಡೆ ಹೋಗುವಾಗ ವೋಲ್ವೋ ಬಸ್ಸುಗಳು ಪಕ್ಕದಲ್ಲೇ ನುಗ್ಗುತ್ತವೆ. ಅದರ ಗಾಳಿ ಟ್ರೇಲರನ್ನು ಮೊದಲು ನೂಕುತ್ತದೆ, ಆಮೇಲೆ ಒಳಗೆ ಎಳೆಯುತ್ತದೆ. ಕನ್ನಡಿಯಲ್ಲಿ ಬಸ್ಸು ಕಂಡಾಗಲೇ ಸ್ವಲ್ಪ ಎಡಕ್ಕೆ ಸರಿದುಕೊಳ್ಳಿ. ಇಷ್ಟಾದರೂ ಟ್ರೇಲರ್ ತೂಗಾಡತೊಡಗಿದರೆ ಆಕ್ಸಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ. ತೂಗಾಟಕ್ಕೆ ಎದುರಾಗಿ ಸ್ಟೀರಿಂಗ್ ತಿರುಗಿಸಲು ಹೋಗಬೇಡಿ, ಪ್ರತಿ ಸಲವೂ ನೀವು ಅರ್ಧ ಸೆಕೆಂಡ್ ತಡವಾಗಿ ಅದನ್ನೇ ಹೆಚ್ಚಿಸುತ್ತೀರಿ. ಕಾರಿನ ಬ್ರೇಕ್ ಜೋರಾಗಿ ಒತ್ತಬೇಡಿ. ಸ್ಪೀಡ್ ಕೊಟ್ಟರೆ ನೇರವಾಗುತ್ತದೆ ಅಂತ ಹೇಳುವವರ ಮಾತು ಕೇಳಬೇಡಿ. ಟ್ರೇಲರ್‌ಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದು ಕೈಯಲ್ಲಿ ಒತ್ತುವ ಸ್ವಿಚ್ ಇದ್ದರೆ ಅದನ್ನು ಮಾತ್ರ ಮೆಲ್ಲಗೆ ಒತ್ತಿ. ನಿಂತ ಮೇಲೆ ಸಾಮಾನು ಮತ್ತೆ ಜೋಡಿಸಿಯೇ ಮುಂದೆ ಹೊರಡಿ.

ಶಿರವಳದ ಹತ್ತಿರ ಚಹಾಕ್ಕೆ ನಿಲ್ಲಿ. ಪುಣೆಯಿಂದ ಸುಮಾರು 50 ಕಿಲೋಮೀಟರ್, ಚಕ್ರದ ನಟ್ ಮತ್ತೆ ಬಿಗಿ ನೋಡಲು ಸರಿಯಾದ ದೂರ. ಚಕ್ರ ಬಿಚ್ಚಿ ಹಾಕಿದ ಮೇಲಿನ ಮೊದಲ ಓಟದಲ್ಲಿ ನಟ್ ಸ್ವಲ್ಪ ಸಡಿಲವಾಗುವುದು ಮಾಮೂಲು. ಹಾಗೇ ಚಕ್ರದ ನಡುವಿನ ಎರಡೂ ಹಬ್‌ಗಳ ಹತ್ತಿರ ಕೈಯ ಹಿಂಭಾಗ ಒಡ್ಡಿ ನೋಡಿ. ಬೆಚ್ಚಗಿದ್ದರೆ ಸರಿ. ಒಂದು ಬೆಚ್ಚಗೆ, ಇನ್ನೊಂದು ಸುಡುತ್ತಿದ್ದರೆ ಬೇರಿಂಗ್ ಹೋಗುತ್ತಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಹಾಗೇ ಮುಂದೆ ಹೋಗಬೇಡಿ. ಚಹಾ ಆಮೇಲೆ.

ಈಗ ಇಳಿಜಾರು. ನಿಪ್ಪಾಣಿ ಅಥವಾ ಸಂಕೇಶ್ವರದಿಂದ ಆಜರಾ, ಅಂಬೋಲಿ ಮೇಲೆ ಸಾವಂತವಾಡಿಗೆ ಇಳಿಯುವುದು ಟ್ರೇಲರ್ ಇರುವವರಿಗೆ ಬೆಳಗಾವಿಯ ಚೋರ್ಲಾ ದಾರಿಗಿಂತ ವಾಸಿ. ಇದು ನನ್ನ ಅಭಿಪ್ರಾಯ, ಚೋರ್ಲಾದ ತಿರುವುಗಳಲ್ಲಿ ಎದುರಿಗೆ ಲಾರಿ ಬಂದರೆ ಟ್ರೇಲರ್ ತಿರುವಿನ ಒಳಬದಿ ಕೊಯ್ದುಕೊಂಡು ಬರಲು ಜಾಗ ಸಾಲದು. ಘಾಟಿ ಹತ್ತಿದ ಗೇರಿನಲ್ಲೇ ಇಳಿಯಬೇಕು ಅನ್ನುವುದು ಹಳೇ ಡ್ರೈವರ್‌ಗಳ ಮಾತು. ಟ್ರೇಲರ್ ಇದ್ದರೆ ಇನ್ನೂ ಒಂದು ಗೇರು ಕೆಳಗೆ. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿ. ಬ್ರೇಕ್ ಮೇಲೆ ಸುಮ್ನೆ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ಮು, ಪ್ಯಾಡು ಕಾದು ಹಿಡಿತ ಹೋಗುತ್ತದೆ. ಒತ್ತಿ ಸ್ಪೀಡ್ ಇಳಿಸಿ, ಬಿಡಿ, ಮತ್ತೆ ಏರಿದಾಗ ಒತ್ತಿ.

ಓವರ್‌ರನ್ ಬ್ರೇಕ್ ಇರುವವರು ಇನ್ನೊಂದು ಗಮನಿಸಿ. ಟ್ರೇಲರ್ ಕಾರನ್ನು ನೂಕಿದಾಗ ಕಪ್ಲರ್ ಒಳಗೆ ಸರಿಯುತ್ತದೆ, ಆ ಸರಿತಕ್ಕೇ ಅದರ ಬ್ರೇಕ್ ಹಿಡಿಯುತ್ತದೆ. ಕೆಳ ಗೇರಿನಲ್ಲಿ ಇಳಿಯುವಾಗ ಕಾರು ತಡೆಯುತ್ತಲೇ ಇರುತ್ತದೆ, ಟ್ರೇಲರ್ ನೂಕುತ್ತಲೇ ಇರುತ್ತದೆ. ಅಂದರೆ ಘಾಟಿಯುದ್ದಕ್ಕೂ ಅದರ ಬ್ರೇಕ್ ಉಜ್ಜುತ್ತಾ ಇರುತ್ತದೆ. ಅಗಲ ಜಾಗ ಸಿಕ್ಕಲ್ಲಿ ನಿಲ್ಲಿಸಿ, ಸುಟ್ಟ ವಾಸನೆ ಬರುತ್ತಿದೆಯಾ ನೋಡಿ, ಆರಲು ಬಿಡಿ. ಕಾದ ಡ್ರಮ್ಮಿಗೆ ನೀರು ಹಾಕಬೇಡಿ, ಬಿರುಕು ಬಿಡುತ್ತದೆ.

ವಾಪಸ್ ಬರುವಾಗ ಎಲ್ಲರಿಗೂ ಮೈಮರೆವು. ಮನೆ ಹತ್ತಿರ ಬಂತಲ್ಲ. ಹೊಸ ಕಾತ್ರಜ್ ಸುರಂಗ ದಾಟಿದ ಕೂಡಲೇ ನವಲೆ ಬ್ರಿಡ್ಜ್ ತನಕ ಉದ್ದ ಇಳಿಜಾರು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಟ್ಟ ಲಾರಿಗಳು ಬ್ರೇಕ್ ಸಿಗದೆ ಗುದ್ದಿದ ಸುದ್ದಿ ಪುಣೆಯವರಿಗೆ ಹೊಸದಲ್ಲ. ಸುರಂಗದ ಬಾಯಲ್ಲೇ ಗೇರ್ ಇಳಿಸಿ ಎಡದ ಲೇನ್ ಹಿಡಿಯಿರಿ. ಮುಂದೆ ನೋಡಿದಷ್ಟೇ ಹಿಂದೆಯೂ ನೋಡಿ.

ರಿವರ್ಸ್‌ಗೆ ಒಂದೇ ಉಪಾಯ. ಸ್ಟೀರಿಂಗ್‌ನ ಕೆಳತುದಿಯಲ್ಲಿ ಕೈಯಿಡಿ. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಕೈ ಎಡಕ್ಕೆ, ಬಲಕ್ಕಾದರೆ ಬಲಕ್ಕೆ. ಮಡಚಿಕೊಳ್ಳುತ್ತಿದೆ ಅನ್ನಿಸಿದರೆ ಮುಂದಕ್ಕೆ ಎಳೆದು ನೇರ ಮಾಡಿ ಮತ್ತೆ ಶುರು ಮಾಡಿ. ವಾಚ್‌ಮನ್ "ಆನೆ ದೋ, ಆನೆ ದೋ" ಅನ್ನುವುದನ್ನು ನಂಬಿ ಹಿಂದೆ ಬರಬೇಡಿ.

ಗ್ಯಾಸು: ಓಡುವಾಗ ಸಿಲಿಂಡರ್‌ನ ವಾಲ್ವ್ ಬಂದ್. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ತುಂಬುತ್ತದೆ. ಅದಕ್ಕೇ ನೆಲದ ಹತ್ತಿರ ತೂತು ಬಿಟ್ಟಿರುತ್ತಾರೆ. ಚಳಿಗೆ, ಜಿರಳೆಗೆ ಅಂತ ಅದನ್ನು ಮುಚ್ಚಬೇಡಿ. ಗೋವಾದಲ್ಲಿ ಬೀಚಿನ ಮರಳಿಗೆ ಗಾಡಿ ಇಳಿಸುವುದು ಅಪರಾಧ, ಆ ರೀಲ್ಸ್ ನೋಡಿ ಹೋಗಬೇಡಿ.

ಬಂದ ಮೇಲಿನ ಆರೈಕೆಗೆ ಒಂದು ಭಾನುವಾರ ಸಾಕು. ಸಮುದ್ರದ ಉಪ್ಪುಗಾಳಿ ಸರಪಳಿ, ಪಾಟಾ, ಯು ಬೋಲ್ಟ್ ತಿನ್ನುತ್ತದೆ. ಸಿಹಿನೀರಲ್ಲಿ ಅಡಿಭಾಗ ತೊಳೆಯಿರಿ. ಆದರೆ ಪ್ರೆಷರ್ ಪಂಪಿನ ಮೂತಿಯನ್ನು ಹಬ್‌ನ ಸೀಲ್ ಕಡೆ ಹಿಡಿಯಬೇಡಿ, ನೀರು ಒಳಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಬೇರಿಂಗ್ ತೆಗೆದು ತೊಳೆದು ಹೊಸ ಗ್ರೀಸ್ ತುಂಬಿಸಿ, ಹಳೆ ಸ್ಪ್ಲಿಟ್ ಪಿನ್ ಮತ್ತೆ ಹಾಕಿಸಬೇಡಿ. ಟೈರ್‌ನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಟ್ರೇಲರ್ ಟೈರ್ ಸವೆದು ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಜಾಸ್ತಿ. ಆರು ವರ್ಷ ಆಗಿದ್ದರೆ ಟೈರ್‌ನ ಹಲ್ಲು ಹೊಸದರ ಹಾಗಿದ್ದರೂ ಬದಲಿಸಿ.

ಮಳೆಗಾಲಕ್ಕೆ ಮುಂಚೆ ಛಾವಣಿಯ ಅಂಚು, ಕಿಟಕಿ, ಗಾಳಿಕಿಂಡಿಯ ಸುತ್ತ ಒಳಗಿನಿಂದ ಹೆಬ್ಬೆರಳಲ್ಲಿ ಒತ್ತುತ್ತಾ ಹೋಗಿ. ಪ್ಲೈವುಡ್ ಮೆತ್ತಗಾಗಿದ್ದರೆ ನೀರು ಬಹಳ ದಿನದಿಂದ ಇಳಿಯುತ್ತಿದೆ. ಹಳೇ ಸಿಲಿಕೋನ್ ಮೇಲೆ ಹೊಸದು ಬಳಿದರೆ ಅಂಟುವುದಿಲ್ಲ. ಪೂರ್ತಿ ಕೆರೆದು ತೆಗೆದು ಬ್ಯೂಟೈಲ್ ಟೇಪ್ ಹಾಕಿಸಿ.

ಮಳೆಗಾಲ ಪೂರ್ತಿ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಹಾಕಿಡಬೇಡಿ. ಚಕ್ರದ ಎರಡೂ ಬದಿಗೆ ಮರದ ತುಂಡು ಕೊಟ್ಟು ಬ್ರೇಕ್ ಬಿಡಿ. ಇಲ್ಲದಿದ್ದರೆ ನಾಲ್ಕು ತಿಂಗಳ ತೇವಕ್ಕೆ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ, ಚಕ್ರ ತಿರುಗುವುದಿಲ್ಲ. ಆಗ ದೀಪಾವಳಿಯ ಹಿಂದಿನ ವಾರ ಎಲ್ಲರೂ ಒಟ್ಟಿಗೆ ನನ್ನ ಅಂಗಡಿಗೆ ಫೋನ್ ಮಾಡುತ್ತೀರಿ. ನನ್ನ ಹತ್ತಿರ ಇರುವುದು ಇಬ್ಬರೇ ಹುಡುಗರು, ಅವರಿಗೂ ಊರಿಗೆ ಹೋಗೋದಿರುತ್ತದೆ.